ಮಕ್ಕಳ ನರದ ಕಾಯಿಲೆ ಅಳೆಯುವ ಮಾಪಕ ಸ್ಪ್ಯಾನಿಷ್‌ಗೆ: 'ತಿರುಗಿಸು' ಅಂದರೆ ಮಗುಚುವುದೋ, ಸುತ್ತಿಸುವುದೋ?

ಸಹನಾ_ವಲೆನ್ಸಿಯಾ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಫಿಸಿಯೋಥೆರಪಿಸ್ಟ್. ಈಗ ಸ್ಪೇನಿನ ವಲೆನ್ಸಿಯಾದಲ್ಲಿ ಮಕ್ಕಳ ನರ-ಸ್ನಾಯು ಕಾಯಿಲೆಗಳನ್ನು ನೋಡುವ ಒಂದು ಕ್ಲಿನಿಕ್‌ನಲ್ಲಿದ್ದೇನೆ. ಈ ವೇದಿಕೆಯಲ್ಲಿ ವೈದ್ಯರೂ ಅನುವಾದಕರೂ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಶಾರ್ಕೋ-ಮರಿ-ಟೂತ್ ಅಂತ ಒಂದು ಅನುವಂಶೀಯ ಕಾಯಿಲೆ. ಚಿಕ್ಕದಾಗಿ ಸಿಎಂಟಿ. ಕೈಕಾಲಿನ ತುದಿಗೆ ಹೋಗುವ ನರಗಳು ನಿಧಾನವಾಗಿ ಸೊರಗುತ್ತವೆ. ಪಾದದ ಕಮಾನು ಎತ್ತರವಾಗುತ್ತದೆ, ಮಗು ಎಡವುತ್ತದೆ, ಮುಂಗಾಲು ಎತ್ತಲಾಗದೆ ಪಾದ ನೆಲಕ್ಕೆ ಬಡಿದು ಸದ್ದಾಗುತ್ತದೆ, ಆಮೇಲೆ ಗುಂಡಿ ಹಾಕುವುದಕ್ಕೂ ಪೆನ್ಸಿಲ್ ಹಿಡಿಯುವುದಕ್ಕೂ ಕಷ್ಟ. 1886ರಲ್ಲಿ ಫ್ರಾನ್ಸಿನ ಶಾರ್ಕೋ, ಮರಿ ಮತ್ತು ಇಂಗ್ಲೆಂಡಿನ ಟೂತ್ ಇದನ್ನು ವಿವರಿಸಿದರು. ಹೆಸರಿನ 'ಟೂತ್' ಒಬ್ಬ ವೈದ್ಯರದು, ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಹೇಳುವ ಲೆಕ್ಕ 2,500 ಜನರಲ್ಲಿ ಒಬ್ಬರಿಗೆ.

ಮಕ್ಕಳಲ್ಲಿ ಇದು ಎಷ್ಟಿದೆ ಎಂದು ಅಳೆಯಲು ಸಿಡ್ನಿಯ ಜೋಶುವಾ ಬರ್ನ್ಸ್ ಅವರ ನೇತೃತ್ವದಲ್ಲಿ ಒಂದು ಮಾಪಕ ತಯಾರಾಗಿ 2012ರಲ್ಲಿ ಪ್ರಕಟವಾಯಿತು. 3ರಿಂದ 20 ವರ್ಷದವರಿಗೆ. ಒಟ್ಟು 11 ಪರೀಕ್ಷೆ, ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 44. ಅಂಕ ಹೆಚ್ಚಾದಷ್ಟೂ ಕಾಯಿಲೆ ಹೆಚ್ಚು. ಕೈಹಿಡಿತ, ಪಾದ ಕೆಳಗೊತ್ತುವ ಮತ್ತು ಮೇಲೆತ್ತುವ ಬಲ, ಸೂಜಿಮೊನೆಯ ಅರಿವು, ಕಂಪನದ ಅರಿವು, ಸಮತೋಲನ, ನಡಿಗೆ, ನಿಂತಲ್ಲಿಂದ ಉದ್ದ ಜಿಗಿತ, 6 ನಿಮಿಷದ ನಡಿಗೆ. ಇವುಗಳ ಜೊತೆಗೆ ಕೈಬೆರಳ ಚುರುಕು ನೋಡಲು ಗೂಟದ ಹಲಗೆಗಳ ಎರಡು ಪರೀಕ್ಷೆ.

ಈ ಗೂಟದಲ್ಲೇ ನನ್ನ ಸಮಸ್ಯೆ. ಒಂದು ಹಲಗೆಯಲ್ಲಿ 16 ಗೂಟ. ಒಂದೊಂದನ್ನೂ ಎತ್ತಿ, ತಲೆಕೆಳಗು ಮಾಡಿ, ಅದೇ ರಂಧ್ರಕ್ಕೆ ಹಾಕಬೇಕು. ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಅಳತೆ. ನಮ್ಮ ಕರಡಿನಲ್ಲಿ 'ಹೀರಾ' ಎಂಬ ಕ್ರಿಯಾಪದ ಬಳಸಿದ್ದೆವು. ಅಂದರೆ ತಿರುಗಿಸು. ಕಳೆದ ವಾರ ಏಳು ವರ್ಷದ ಹುಡುಗಿಯೊಬ್ಬಳು ಗೂಟಗಳನ್ನು ರಂಧ್ರದಿಂದ ಎತ್ತಲೇ ಇಲ್ಲ, ನಲ್ಲಿ ತಿರುಗಿಸಿದ ಹಾಗೆ ಒಂದೊಂದು ಸುತ್ತು ಸುತ್ತಿಸಿ ಮುಗಿಸಿಬಿಟ್ಟಳು. ಹೆಮ್ಮೆಯಿಂದ ನನ್ನ ಮುಖ ನೋಡಿದಳು. ಅವಳದ್ದೇನೂ ತಪ್ಪಿಲ್ಲ, ನಾವು ಹೇಳಿದ್ದನ್ನೇ ಮಾಡಿದಳು. 'ದಾಲೆ ಲಾ ಬ್ವೆಲ್ತಾ' ಅಂದರೂ ಎರಡರ್ಥ ಹೊರಡುತ್ತದೆ. ಅಷ್ಟು ಹೊತ್ತಿಗೆ ಅವಳ ಕೈ ದಣಿದಿತ್ತು, ಮತ್ತೆ ಮಾಡಿಸಿದರೆ ಸಮಯ ನಿಜವಲ್ಲ. ನಾವು ಕರಡು ಒಪ್ಪಿಸಲು ಮೂರು ವಾರವಿದೆ. ಇಂಥ ಸೂಚನೆಗಳನ್ನು ನೀವು ಹೇಗೆ ಸರಿ ಮಾಡುತ್ತೀರಿ?

ಹಳೆ_ಹುಬ್ಬಳ್ಳಿ
ಅಲ್ರೀ ಅಕ್ಕಾರ, ನನಗೊಂದು ತಿಳೀವಲ್ದು. ಇದು ಪ್ರಶ್ನೆಪತ್ರಿಕೆ ಅಲ್ಲ. ಹಿಡಿ ಅಂದ್ರ ಹಿಡೀತಾನ, ಜಿಗಿ ಅಂದ್ರ ಜಿಗಿತಾನ. ಮಾಡಿ ತೋರಿಸಿದ್ರ ಆತಲ್ಲ? ಅಳಿಯೂ ಡಾಕ್ಟರಿಗೆ ಇಂಗ್ಲಿಷ್ ಬರ್ತದ. ಇದಕ್ಕ ಇಷ್ಟು ಮಂದಿ ಕುಂತು ಅನುವಾದ ಯಾಕ?

ಸಹನಾ_ವಲೆನ್ಸಿಯಾ
ಅಣ್ಣಾ, ಶುರುವಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಬಲ ಅಳೆಯುವ ಯಂತ್ರ ನ್ಯೂಟನ್‌ನಲ್ಲಿ ತೋರಿಸುತ್ತದೆ, ನ್ಯೂಟನ್‌ಗೆ ಭಾಷೆಯಿಲ್ಲ, ನಿಜ. ಆದರೆ ಮಗು ಎಷ್ಟು ಬಲ ಹಾಕುತ್ತದೆ ಎನ್ನುವುದು ನಾವು ಹೇಗೆ ಹೇಳಿದೆವು ಎಂಬುದರ ಮೇಲೆ ನಿಂತಿದೆ. 'ಒತ್ತು' ಅಂದರೆ ಒಂದು ಬಲ, 'ಎಷ್ಟು ಸಾಧ್ಯವೋ ಅಷ್ಟು ಒತ್ತು' ಅಂದರೆ ಬೇರೆ ಬಲ.

ಆರು ನಿಮಿಷದ ನಡಿಗೆಯನ್ನೇ ನೋಡಿ. ನಿಮಿಷಕ್ಕೊಮ್ಮೆ ಏನು ಹೇಳಬೇಕು ಎಂಬುದು ಬರೆದಿಟ್ಟ ಮಾತು. 'ಚೆನ್ನಾಗಿ ನಡೀತಿದ್ದೀಯ, ಇನ್ನು 4 ನಿಮಿಷ ಇದೆ', ಅಷ್ಟೇ. ದನಿ ಏರಿಸುವಂತಿಲ್ಲ. ಆದರೆ ಸ್ಪೇನಿನವರ ಬಾಯಲ್ಲಿ 'ಬೆಂಗಾ, ಬಾಮೋಸ್!' ತಾನಾಗಿ ಬಂದುಬಿಡುತ್ತದೆ. ನಮ್ಮಲ್ಲಿ 'ಬಾ ಬಾ, ಬೇಗ ಬಾ' ಅಂದ ಹಾಗೆ. ಹೃದಯ ಮತ್ತು ಶ್ವಾಸಕೋಶದ ಕಾಯಿಲೆಯ ದೊಡ್ಡವರಲ್ಲಿ ಹುರಿದುಂಬಿಸಿದ್ದಕ್ಕೇ ಸರಾಸರಿ ಸುಮಾರು 30 ಮೀಟರ್ ಹೆಚ್ಚು ನಡೆದರೆಂದು 1984ರಲ್ಲೇ ಗಯಾಟ್ ಮತ್ತು ಸಂಗಡಿಗರು ತೋರಿಸಿದ್ದರು. ಒಂದು ವರ್ಷ ಸುಮ್ಮನೆ ನಡೆಸಿ, ಮುಂದಿನ ವರ್ಷ ಕೂಗಿ ಕೂಗಿ ನಡೆಸಿದರೆ ಮಗುವಿಗೆ ಗುಣವಾಗಿದೆ ಅಂತ ಕಾಗದ ಹೇಳುತ್ತದೆ. ಮಗು ಇದ್ದ ಹಾಗೇ ಇರುತ್ತದೆ.

ಡಾ_ತುಂಗಾತೀರ
ಸಹನಾ ಅವರೇ, ಒಳ್ಳೆಯ ಚರ್ಚೆ ಎತ್ತಿದ್ದೀರಿ. ನಾನು ಮಕ್ಕಳ ನರರೋಗ ವೈದ್ಯ, ಹುಬ್ಬಳ್ಳಿಯವರ ಪ್ರಶ್ನೆಗೆ ನನ್ನ ಕಡೆಯಿಂದಲೂ ಒಂದಿಷ್ಟು ಸೇರಿಸುತ್ತೇನೆ.

ಸಿಎಂಟಿ ಬಹಳ ನಿಧಾನದ ಕಾಯಿಲೆ. 206 ಮಕ್ಕಳನ್ನು ಇದೇ ಮಾಪಕದಿಂದ ಎರಡು ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡ ಬದಲಾವಣೆ ಸರಾಸರಿ 2.4 ಅಂಕ. 44ರಲ್ಲಿ 2.4, ಅದೂ ಎರಡು ವರ್ಷಕ್ಕೆ! ಗೂಟದ ಪರೀಕ್ಷೆಯಲ್ಲಿ ಮಗು ಸೂಚನೆ ತಪ್ಪು ತಿಳಿದುಕೊಂಡರೆ ಅದೊಂದರಲ್ಲೇ ಒಂದೆರಡು ಅಂಕ ಆಚೀಚೆ ಆಗುತ್ತದೆ. ಕಾಯಿಲೆಯ ಎರಡು ವರ್ಷದ ನಡೆಯನ್ನು ಒಂದು ಕ್ರಿಯಾಪದ ನುಂಗಿಬಿಡುತ್ತದೆ.

ಇದರ ಹಿಂದೆ ಒಂದು ನೋವಿನ ಕಥೆಯೂ ಇದೆ. ಇಲಿಗಳಲ್ಲಿ ವಿಟಮಿನ್ ಸಿ ಕೆಲಸ ಮಾಡಿತೆಂದು ಸಿಎಂಟಿ ಕುಟುಂಬಗಳೆಲ್ಲ ಆಸೆ ಇಟ್ಟುಕೊಂಡಿದ್ದವು. 2009ರಲ್ಲಿ ಪ್ರಕಟವಾದ, 81 ಮಕ್ಕಳ ಮೇಲೆ ಒಂದು ವರ್ಷ ನಡೆದ ಪ್ರಯೋಗದಲ್ಲಿ ಉಪಯೋಗ ಕಾಣಲಿಲ್ಲ, ಆಮೇಲೆ ದೊಡ್ಡವರಲ್ಲೂ ಕಾಣಲಿಲ್ಲ. ಔಷಧಿಯೇ ಕೆಲಸ ಮಾಡಲಿಲ್ಲವೋ, ಅಳೆಯುವ ಸಾಧನ ಮೊಂಡಾಗಿತ್ತೋ ಎಂಬ ಪ್ರಶ್ನೆ ಆಗ ಎಲ್ಲರನ್ನೂ ಕಾಡಿತು. ಮಕ್ಕಳಿಗೇ ಹೊಂದುವ ಸೂಕ್ಷ್ಮವಾದ ಮಾಪಕ ಬೇಕೆಂಬ ಒತ್ತಾಯಕ್ಕೆ ಅದೂ ಒಂದು ಕಾರಣ.

ಸ್ಪ್ಯಾನಿಷ್ ಯಾಕೆ ಮುಖ್ಯ ಎಂದರೆ ಜನಸಂಖ್ಯೆಯೊಂದೇ ಕಾರಣವಲ್ಲ. ಜಗತ್ತಿನಲ್ಲಿ ಹೆಚ್ಚು ಕಾಣುವ ಬಗೆ 17ನೇ ವರ್ಣತಂತುವಿನ ಪಿಎಂಪಿ22 ಜೀನ್ ಇರುವ ತುಣುಕು ಇಮ್ಮಡಿಯಾಗುವುದರಿಂದ ಬರುತ್ತದೆ. 1991ರಲ್ಲಿ ಅದು ಗೊತ್ತಾಯಿತು. ಆದರೆ ಸ್ಪೇನಿನಲ್ಲಿ, ಅದರಲ್ಲೂ ನಿಮ್ಮ ವಲೆನ್ಸಿಯಾ ಸೀಮೆಯಲ್ಲಿ, ಜಿಡಿಎಪಿ1 ಜೀನಿನ ದೋಷದ ಕುಟುಂಬಗಳು ಬೇರೆ ಕಡೆಗಿಂತ ಹೆಚ್ಚು. ಸ್ಪೇನಿನ ಹಿತಾನೋ ಜನರಲ್ಲಿ, ಅಂದರೆ ಅಲ್ಲಿನ ರೋಮಾ ಸಮುದಾಯದಲ್ಲಿ, ಎಷ್ಟೋ ತಲೆಮಾರಿನಿಂದ ಹರಿದುಬಂದ ಎಸ್‌ಎಚ್3ಟಿಸಿ2 ದೋಷವಿದೆ. ಅವರ ಮಕ್ಕಳಿಗೆ ಅವರ ಮಾತಿನಲ್ಲೇ ಸರಿಯಾಗಿ ಅಳತೆ ಆಗದಿದ್ದರೆ ಆ ಬಗೆಗಳಿಗೆ ಮುಂದೆ ಔಷಧಿ ಬಂದಾಗ ಪ್ರಯೋಗದಿಂದ ಅವರೇ ಹೊರಗುಳಿಯುತ್ತಾರೆ.

ಪದಸಾಲು
ನಾನು ಆರೋಗ್ಯ ಪತ್ರಗಳ ಅನುವಾದಕಿ, ಇಂಗ್ಲಿಷ್-ಕನ್ನಡ. ಸಹನಾ, ನೀವು ಈಗಾಗಲೇ ಕ್ರಮ ಪಾಲಿಸುತ್ತಿರಬಹುದು, ಆದರೂ ಬೇರೆಯವರಿಗಾಗಿ ಬರೆಯುತ್ತೇನೆ. ಇಬ್ಬರು ಬೇರೆ ಬೇರೆ ಕೂತು ಅನುವಾದಿಸಬೇಕು, ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನ್ನೂ ಕೂಡಿಸಿ ಒಂದು ಮಾಡಬೇಕು. ಮೂಲ ನೋಡಿರದ ಇಬ್ಬರು ಅದನ್ನು ಮತ್ತೆ ಇಂಗ್ಲಿಷ್‌ಗೆ ತರಬೇಕು. ಆಮೇಲೆ ಸಮಿತಿ, ಆಮೇಲೆ 30-40 ಜನರ ಮೇಲೆ ಪರೀಕ್ಷೆ.

ನನ್ನ ಅನುಭವದಲ್ಲಿ ಹಿಮ್ಮುಖ ಅನುವಾದವನ್ನು ಜನ ಅತಿಯಾಗಿ ನಂಬುತ್ತಾರೆ. ನಿಮ್ಮ 'ಹೀರಾ' ಮತ್ತೆ ಇಂಗ್ಲಿಷ್‌ಗೆ ಬಂದಾಗ ಸರಿಯಾಗೇ ಬಂದಿರುತ್ತದೆ, ಯಾಕೆಂದರೆ ಇಂಗ್ಲಿಷ್ ಪದಕ್ಕೂ ಅದೇ ಎರಡರ್ಥ. ತಪ್ಪು ಎರಡು ದಿಕ್ಕಿನಲ್ಲೂ ಆರಾಮವಾಗಿ ಓಡಾಡುತ್ತದೆ. ಅದನ್ನು ಹಿಡಿದದ್ದು ಆ ಏಳು ವರ್ಷದ ಹುಡುಗಿ. ಹಾಗಾಗಿ ಮಗುವಿಗೆ ಪರೀಕ್ಷೆ ಮುಗಿದ ಮೇಲೆ 'ನಾನು ನಿನಗೆ ಏನು ಮಾಡು ಅಂದೆ? ನಿನ್ನ ಮಾತಲ್ಲಿ ಹೇಳು' ಎಂದು ಕೇಳುವ ಹಂತವನ್ನು ಬಿಡಲೇಬೇಡಿ. ಸಮಯವಿಲ್ಲ ಎಂದು ಎಲ್ಲರೂ ಮೊದಲು ಕತ್ತರಿಸುವುದು ಅದನ್ನೇ.

ಒಂದು ಕುತೂಹಲ. 'ನರದ ಕಾಯಿಲೆ' ಎಂಬುದನ್ನು ಅಲ್ಲಿ ಪಾಲಕರಿಗೆ ಹೇಗೆ ಹೇಳುತ್ತೀರಿ? ಕನ್ನಡದಲ್ಲಿ ನನಗೆ ಇದು ದೊಡ್ಡ ತಲೆನೋವು. ನಮ್ಮ ಜನರ ಬಾಯಲ್ಲಿ ರಕ್ತನಾಳವೂ ನರ, ಸ್ನಾಯುವಿನ ಹುರಿಯೂ ನರ. 'ನರ ಎಳೆದುಕೊಂಡಿದೆ' ಅಂದರೆ ಯಾವುದು? ಇನ್ನು 'ನರ ದೌರ್ಬಲ್ಯ' ಎಂದು ಬರೆದರೆ ಗೋಡೆ ಮೇಲಿನ ಜಾಹೀರಾತೇ ನೆನಪಾಗುತ್ತದೆ.

ಸಹನಾ_ವಲೆನ್ಸಿಯಾ
ಪದಸಾಲು ಅವರೇ, ಅಲ್ಲೂ ಹೆಚ್ಚು ಕಡಿಮೆ ಇದೇ ಪಾಡು! ಸ್ಪ್ಯಾನಿಷ್‌ನಲ್ಲಿ 'ನೆರ್ಬಿಯೋಸ್' ಅಂದರೆ ನರವೂ ಹೌದು, ಮನಸ್ಸಿನ ಗಾಬರಿಯೂ ಹೌದು. 'ನಿಮ್ಮ ಮಗುವಿಗೆ ನರದ ತೊಂದರೆ' ಎಂದರೆ 'ಹೌದು, ಪರೀಕ್ಷೆ ಹತ್ತಿರ ಬಂದರೆ ತುಂಬ ಹೆದರುತ್ತಾನೆ' ಎಂದ ತಾಯಿಯನ್ನು ನಾನೇ ನೋಡಿದ್ದೇನೆ. ಅದಕ್ಕೆ 'ಕೈಕಾಲಿಗೆ ಹೋಗುವ ನರಗಳು' ಎಂದು ಬಿಡಿಸಿ ಬರೆದೆವು.

ಒಂದು ಕಡೆ ಮಾತ್ರ ಕನ್ನಡ ನನಗೆ ದಾರಿ ತೋರಿಸಿತು. ಲಕ್ಷಣಗಳನ್ನು ಕೇಳುವಾಗ, ಕೈಕಾಲು ಜುಮ್ಮೆನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ಸೂಜಿ ಗುಂಡುಸೂಜಿ ಅಂತ ಒಂದು ನುಡಿಗಟ್ಟಿದೆ. ಅದನ್ನು ಹಾಗೇ ಇಳಿಸಿದ್ದರು. ನಾನು ಹೇಳಿದೆ, ನಮ್ಮೂರಲ್ಲಿ ಸೂಜಿ ಅನ್ನುವುದಕ್ಕಿಂತ 'ಇರುವೆ ಹರಿದಾಡಿದ ಹಾಗೆ' ಅನ್ನುತ್ತಾರೆ ಅಂತ. ಇಡೀ ಕೋಣೆ ನಕ್ಕಿತು, ಯಾಕೆಂದರೆ ಸ್ಪ್ಯಾನಿಷ್ ಪದವೇ 'ಓರ್ಮಿಗೇಓ', 'ಓರ್ಮಿಗಾ' ಅಂದರೆ ಇರುವೆ! ಅಷ್ಟು ಹತ್ತಿರದ ಪದ ಕಣ್ಣೆದುರೇ ಇದ್ದರೂ ಇಂಗ್ಲಿಷ್ ಹಾಳೆ ಅದನ್ನು ಮುಚ್ಚಿಟ್ಟಿತ್ತು. ಬೆರಳಿನದ್ದೂ ಹಾಗೇ. ಇಂಗ್ಲಿಷ್‌ನಲ್ಲಿ ಕೈಬೆರಳಿಗೆ, ಕಾಲ್ಬೆರಳಿಗೆ ಬೇರೆ ಬೇರೆ ಪದ. ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೆ ಎರಡೂ 'ದೇದೊ', 'ಕಾಲಿನ' ಎಂದು ಸೇರಿಸದಿದ್ದರೆ ಮಗು ಕೈ ಚಾಚುತ್ತದೆ.

ತಿಪಟೂರು_ಅಮ್ಮ
ನಾನು ಡಾಕ್ಟರೂ ಅಲ್ಲ, ಅನುವಾದಕಿಯೂ ಅಲ್ಲ. ನನ್ನ ಮಗನಿಗೆ ಸಿಎಂಟಿ ಇದೆ, ಈಗ ಹನ್ನೊಂದು ವರ್ಷ. ಇದನ್ನೆಲ್ಲ ಓದಿ ಸುಮ್ಮನಿರಲು ಆಗಲಿಲ್ಲ.

ನಾವು ತೋರಿಸಿದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವನ ಪಾದಕ್ಕೆ ಸೂಜಿ ಮುಟ್ಟಿಸಿ 'ಶಾರ್ಪಾ, ಬ್ಲಂಟಾ?' ಎಂದು ಕೇಳಿದರು. ಅವನು ಕನ್ನಡ ಮಾಧ್ಯಮ. ನಾಲ್ಕು ಸಲ ಕೇಳಿದರು, ನಾಲ್ಕು ಸಲವೂ 'ಶಾರ್ಪು' ಅಂದ. ಹೊರಗೆ ಬಂದ ಮೇಲೆ ಕೇಳಿದೆ, ಯಾಕಪ್ಪ ಎಲ್ಲದಕ್ಕೂ ಹಾಗೇ ಅಂದೆ ಅಂತ. 'ಶಾರ್ಪು ಅಂದ್ರೆ ಜಾಣ ಅಲ್ವಾಮ್ಮ, ಅದನ್ನೇ ಹೇಳ್ಬೇಕು ಅಂದ್ಕೊಂಡೆ' ಅಂದ. ಫೈಲಿನಲ್ಲಿ ಅವನ ಪಾದದ ಸ್ಪರ್ಶ ಸರಿಯಾಗಿದೆ ಎಂದೇ ಬರೆದಿತ್ತು. ಸ್ನಾನದ ಬಿಸಿನೀರು ಕಾಲಿಗೆ ಬಿದ್ದು ಬೊಬ್ಬೆ ಬಂದಾಗಲೂ ಅವನಿಗೆ ಗೊತ್ತಾಗಿರಲಿಲ್ಲ. ನಾನು ವಾಪಸ್ ಹೋಗಿ ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಸಹನಾ ಮೇಡಂ, ಆ ಸೂಜಿಯದ್ದನ್ನು ಅಲ್ಲಿ ಹೇಗೆ ಕೇಳುತ್ತೀರಿ?

ಸಹನಾ_ವಲೆನ್ಸಿಯಾ
ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ತಪ್ಪು ನಿಮ್ಮದಲ್ಲ, ನಿಮ್ಮ ಮಗನದ್ದಂತೂ ಅಲ್ಲವೇ ಅಲ್ಲ. ಅವನಿಗೆ ಗೊತ್ತಿರುವ ಮಾತಿನಲ್ಲಿ ಕೇಳುವುದು ಕೇಳುವವರ ಜವಾಬ್ದಾರಿ. ಮುಂದಿನ ಸಲ ಹೋದಾಗ ಬಿಸಿನೀರಿನ ವಿಷಯ ದಯವಿಟ್ಟು ಹೇಳಿ, ಪಾದದ ಆರೈಕೆಗೆ ಅದು ತುಂಬ ಮುಖ್ಯ.

ಇಲ್ಲಿ ಮೊದಲು 'ಪಿಂಚಾ?' ಎಂದು ಬರೆದಿದ್ದೆವು, ಚುಚ್ಚುತ್ತಾ ಅಂತ. ಆದರೆ ಸ್ಪೇನಿನಲ್ಲಿ ಇಂಜೆಕ್ಷನ್‌ಗೆ ಮಕ್ಕಳೆದುರು 'ಪಿಂಚಾಥೊ' ಎನ್ನುತ್ತಾರೆ. ಪದ ಕಿವಿಗೆ ಬಿದ್ದದ್ದೇ ನಾಲ್ಕು ವರ್ಷದವನೊಬ್ಬ ಕಾಲೆಳೆದುಕೊಂಡು ಅತ್ತ. ಈಗ ಮೊದಲು ಅವರ ಕೈಮೇಲೇ ಮೊನೆಯನ್ನೂ ಹಿಂಬದಿಯನ್ನೂ ಮುಟ್ಟಿಸಿ, 'ಇದು ಚುಚ್ಚುತ್ತೆ, ಇದು ಚುಚ್ಚಲ್ಲ' ಎಂದು ಪರಿಚಯ ಮಾಡಿಸಿ, ಆಮೇಲೆ ಕಣ್ಣು ಮುಚ್ಚಿಸಿ ಪಾದ. ಕಂಪನಕ್ಕೆ ಶ್ರುತಿಕವೆ ಇಡುವಾಗಲೂ ಹೀಗೇ, ಮೊದಲು ಗುಂಯ್ ಅನ್ನುವುದು ಏನೆಂದು ಗೊತ್ತಾಗಬೇಕು.

ಪಂಪಾಸ್_ಕನ್ನಡಿಗ
ಬ್ಯೂನಸ್ ಐರಿಸ್‌ನಿಂದ. ಸಾಫ್ಟ್‌ವೇರ್ ಕೆಲಸ, ಹೆಂಡತಿ ಇಲ್ಲಿಯವಳು, ಮನೆಮಾತು ಸ್ಪ್ಯಾನಿಷ್. ಸಹನಾ, ಒಂದು ಎಚ್ಚರಿಕೆ ಕೊಡಲೇಬೇಕು. ಸ್ಪೇನಿನಲ್ಲಿ 'ತಗೋ' ಎನ್ನಲು ದಿನವಿಡೀ 'ಕೊಹೇರ್' ಬಳಸುತ್ತೀರಿ. ಅದೇ ಪದ ಅರ್ಜೆಂಟೀನಾದಲ್ಲಿ, ಮೆಕ್ಸಿಕೋದಲ್ಲಿ ಮಕ್ಕಳ ಮುಂದೆ ಆಡಬಾರದ ಮಾತು. 'ಗೂಟ ತಗೋ' ಎಂಬ ಸೂಚನೆಯಲ್ಲಿ ಅದು ಇದ್ದರೆ ಈ ಕಡೆಯ ಯಾವ ಆಸ್ಪತ್ರೆಯೂ ನಿಮ್ಮ ಹಾಳೆ ಬಳಸುವುದಿಲ್ಲ. 'ತೋಮಾ' ಅಥವಾ 'ಅಗಾರ್ರಾ' ಹಾಕಿ, ಎಲ್ಲೆಡೆ ನಡೆಯುತ್ತದೆ.

ಪಾದ ಮೇಲೆತ್ತುವ ಸೂಚನೆ ಹೇಗಿದೆ? 'ನಿನ್ನ ಕಡೆ ಎಳೆ' ಎನ್ನಲು 'ತೀರಾ' ಹಾಕಿದ್ದರೆ ಮೆಕ್ಸಿಕೋದವರಿಗೆ 'ಎಸೆ' ಅಂತ ಕೇಳುತ್ತದೆ, ಅಲ್ಲಿ ಎಳೆ ಅಂದರೆ 'ಹಾಲಾ'. ಜಿಗಿಯುವುದಕ್ಕೆ ಅಲ್ಲಿ 'ಬ್ರಿಂಕಾ' ಹೆಚ್ಚು ಸಹಜ. ಇಲ್ಲಿ ನಾವು 'ನೀನು' ಎನ್ನಲು 'ಬೋಸ್' ಅನ್ನುವುದರಿಂದ ಕ್ರಿಯಾಪದದ ಒತ್ತೇ ಕೊನೆಗೆ ಹೋಗುತ್ತದೆ. ಬೊಗೋಟಾದ ಮನೆಗಳಲ್ಲಿ ಮಕ್ಕಳಿಗೂ 'ಉಸ್ತೇದ್', ನಮ್ಮ 'ನೀವು' ಇದ್ದ ಹಾಗೆ, ಆದರೆ ಅಲ್ಲಿ ಅದು ಪ್ರೀತಿಯ ಮಾತು.

ಅಳತೆಗೋಲು
ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಹಾಗಾದರೆ ದೇಶಕ್ಕೊಂದು ಹಾಳೆ ಮಾಡುತ್ತೀರೋ? ನಾನು ಬೇಡ ಎನ್ನುತ್ತೇನೆ. ಪ್ರತಿ ಹಾಳೆಯನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಅಪರೂಪದ ಕಾಯಿಲೆ, ಅಷ್ಟು ಮಕ್ಕಳನ್ನು ಎಲ್ಲಿಂದ ತರುತ್ತೀರಿ?

ಏನೇ ಮಾಡಿದರೂ ಒಂದು ಲೆಕ್ಕ ತಪ್ಪಿಸಬೇಡಿ. ಒಂದೇ ಮಗುವನ್ನು ಇಬ್ಬರು ಪರೀಕ್ಷಕರು ನೋಡಲಿ, ಅದೇ ಮಗುವನ್ನು ವಾರ ಎರಡು ವಾರ ಬಿಟ್ಟು ಮತ್ತೆ ನೋಡಲಿ. ಅಷ್ಟರಲ್ಲಿ ಕಾಯಿಲೆ ಬದಲಾಗಿರುವುದಿಲ್ಲ, ಬದಲಾದದ್ದೆಲ್ಲ ಅಳತೆಯ ದೋಷ. ಎಲ್ಲರೂ ಹೊಂದಾಣಿಕೆಯ ಗುಣಾಂಕವನ್ನಷ್ಟೇ, ಅಂದರೆ ಎರಡು ಅಳತೆ ಎಷ್ಟು ತಾಳೆಯಾಗುತ್ತವೆ ಎಂದು ಹೇಳುವ, 1 ಬಂದರೆ ಪೂರ್ತಿ ತಾಳೆ ಎನ್ನುವ ಸಂಖ್ಯೆಯನ್ನಷ್ಟೇ ಬರೆದು 0.9 ಬಂತೆಂದು ಖುಷಿಪಡುತ್ತಾರೆ. ತೀರ ಸೌಮ್ಯದಿಂದ ತೀವ್ರದವರೆಗಿನ ಮಕ್ಕಳನ್ನು ಬೆರೆಸಿದರೆ ಆ ಸಂಖ್ಯೆ ಸುಲಭವಾಗಿ ಮೇಲೇರುತ್ತದೆ. ದೋಷ ಎಷ್ಟು ಅಂಕ ಎಂಬುದನ್ನೇ ಹೇಳಿ. ಡಾಕ್ಟರು ಹೇಳಿದ 2.4ಕ್ಕಿಂತ ಅದು ದೊಡ್ಡದಿದ್ದರೆ ಒಂದು ಮಗುವಿನ ಎರಡು ವರ್ಷದ ಬದಲಾವಣೆ ಅದರೊಳಗೇ ಮುಚ್ಚಿಹೋಗುತ್ತದೆ.

ಮೂಲ ಮಾಪಕವನ್ನು ರಾಶ್ ವಿಶ್ಲೇಷಣೆಯಿಂದ, ಅಂದರೆ ಪ್ರತಿ ಪರೀಕ್ಷೆಯ ಕಷ್ಟವನ್ನೂ ಮಗುವಿನ ತೀವ್ರತೆಯನ್ನೂ ಒಂದೇ ಗೆರೆಯ ಮೇಲಿಟ್ಟು ನೋಡುವ ಲೆಕ್ಕದಿಂದ, ಒರೆಗೆ ಹಚ್ಚಿದ್ದಾರೆ, ಅದು ನಿಮಗೆ ಅನುಕೂಲ. ಒಟ್ಟು ತೀವ್ರತೆ ಒಂದೇ ಇರುವ ಇಂಗ್ಲಿಷ್ ಮಗುವನ್ನೂ ಸ್ಪ್ಯಾನಿಷ್ ಮಗುವನ್ನೂ ಪಕ್ಕದಲ್ಲಿಟ್ಟು, ಯಾವ ಪರೀಕ್ಷೆ ಒಬ್ಬರಿಗೆ ಮಾತ್ರ ಕಷ್ಟವಾಗುತ್ತಿದೆ ನೋಡಬಹುದು. ಅನುವಾದ ಎಲ್ಲಿ ಸೋರುತ್ತಿದೆ ಎಂದು ಆ ಪರೀಕ್ಷೆಯೇ ಹೇಳುತ್ತದೆ. ಇನ್ನೊಂದು, ಅಂಕ ಕೊಡುವುದು ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಅಳತೆಗೆ ಹೋಲಿಸಿ. ಆ ಮಕ್ಕಳು ಎಲ್ಲಿಯವರು ಎಂಬುದನ್ನೂ ಪ್ರಶ್ನಿಸಿ.

ಸಹನಾ_ವಲೆನ್ಸಿಯಾ
ಸರ್, ದೋಷವನ್ನು ಅಂಕದಲ್ಲೇ ಹೇಳಬೇಕೆಂಬ ನಿಮ್ಮ ಮಾತನ್ನು ನಾಳೆಯೇ ಸಮಿತಿಯ ಮುಂದಿಡುತ್ತೇನೆ.

ಒಂದೇ ಹಾಳೆ ಸಾಕು ಎಂಬುದನ್ನು ಅರ್ಧ ಒಪ್ಪುತ್ತೇನೆ. ನಮ್ಮ ಕ್ಲಿನಿಕ್‌ಗೇ ಈಕ್ವೆಡಾರ್, ಕೊಲಂಬಿಯಾದ ಕುಟುಂಬಗಳು ಬರುತ್ತವೆ, ಮನೆಯಲ್ಲಿ ವಲೆನ್ಸಿಯಾದ ಸ್ಥಳೀಯ ಭಾಷೆ ಆಡುವ ಮಕ್ಕಳೂ ಬರುತ್ತಾರೆ. ಎಲ್ಲ ಕಡೆ ನಡೆಯುವ ಪದಗಳಲ್ಲಿ ಒಂದು ಹಾಳೆ ಇರಲಿ. ಅದರ ಪಕ್ಕದಲ್ಲಿ, ಅದೇ ಕೆಲಸವನ್ನು ಕೇಳುವ ಊರ ಪದ ಯಾವುದೆಂದು ಮೊದಲೇ ಅಚ್ಚು ಹಾಕಿರಲಿ. ಪರೀಕ್ಷಕರು ತಮಗೆ ತೋಚಿದ ಪದ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ತಿಪಟೂರು ಅಕ್ಕನ ಮಗನಿಗೆ ಆದದ್ದು ಅದೇ.

ಗೂಟಕ್ಕೆ 'ಮೇಲಿನದು ಕೆಳಗೆ ಬರಬೇಕು' ಎಂದು ಬರೆದಿದ್ದೇವೆ, 'ಲೋ ದೆ ಅರ್ರೀಬಾ, ಅಬಾಹೊ'. ಒಂದು ಗೂಟ ನಾವು ಮಾಡಿ ತೋರಿಸಿ, ಒಂದು ಗೂಟ ಮಗು ಮಾಡಿ ತೋರಿಸಿ, ಆಮೇಲೆ ಗಡಿಯಾರ. ನಿನ್ನೆ ಐದು ಮಕ್ಕಳಲ್ಲಿ ಐವರೂ ಮಗುಚಿದರು. ಸುತ್ತಿಸಿದ ಆ ಹುಡುಗಿಯೂ ಅವರಲ್ಲಿದ್ದಳು, ಅವಳ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತಿಪಟೂರು_ಅಮ್ಮ
ಇದು ಕನ್ನಡದಲ್ಲಿ ಆಗುವುದು ಯಾವಾಗ?

ಡಾ_ತುಂಗಾತೀರ
ಅಮ್ಮಾ, ನಿಮ್ಹಾನ್ಸ್‌ಗೆ ಇಂಥ ಮಕ್ಕಳು ಕರ್ನಾಟಕದ ಎಲ್ಲ ಮೂಲೆಯಿಂದ ಬರುತ್ತಾರೆ, ತೆಲುಗು, ತಮಿಳು, ಬಂಗಾಳಿ ಮಾತಾಡುವವರೂ ಬರುತ್ತಾರೆ. ಎದುರಿಗಿರುವ ವೈದ್ಯರು ಗೊತ್ತಿದ್ದ ಮಾತಿನಲ್ಲಿ ವಿವರಿಸುತ್ತಾರೆ. ಆದರೆ ಪ್ರತಿಸಲ ಅದೇ ಮಾತಲ್ಲ, ಅಲ್ಲೇ ತೊಡಕು. ಮಾಡುವುದಾದರೆ ನನ್ನ ಹೆಸರು ಮೊದಲು ಬರೆದುಕೊಳ್ಳಿ. ಮಾಪಕ ಮಾಡಿದವರ ಅನುಮತಿ ಕೇಳುವುದರಿಂದಲೇ ಶುರು ಮಾಡಬೇಕು.

ಇಷ್ಟರಲ್ಲಿ ಒಂದು ಮಾತು. ಮಗನ ಫೈಲಿನ ಮೇಲೆ ದೊಡ್ಡದಾಗಿ ಸಿಎಂಟಿ ಎಂದು ಬರೆಸಿಡಿ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಇಂಥವರ ನರಕ್ಕೆ ತೀವ್ರ ಹಾನಿ ಮಾಡಬಲ್ಲದು. ಅದು ಬೇಕಾಗುವ ಪರಿಸ್ಥಿತಿ ಬಾರದಿರಲಿ, ಆದರೂ ಯಾವ ವೈದ್ಯರಿಗೂ ಇದು ಮೊದಲೇ ಗೊತ್ತಿರಬೇಕು. ಫಿಸಿಯೋ ಬಿಡಿಸಬೇಡಿ. 60 ಮಕ್ಕಳಲ್ಲಿ ಪಾದ ಮೇಲೆತ್ತುವ ಸ್ನಾಯುವಿಗೆ ಆರು ತಿಂಗಳು ಹಂತಹಂತವಾಗಿ ವ್ಯಾಯಾಮ ಮಾಡಿಸಿದ ಪ್ರಯೋಗ 2017ರಲ್ಲಿ ಬಂತು. ಎರಡು ವರ್ಷದ ಹೊತ್ತಿಗೆ ಆ ಮಕ್ಕಳಲ್ಲಿ ಬಲ ಇಳಿಯುವುದು ಕಡಿಮೆಯಾಗಿತ್ತು.

ಪದಸಾಲು
ಕನ್ನಡಕ್ಕೆ ನಾನೂ ಇದ್ದೇನೆ. ಮೊದಲ ಪ್ರಶ್ನೆ ಅದೇ ಗೂಟ. 'ತಿರುಗಿಸು' ಎಂದರೆ ನಮ್ಮ ಮಕ್ಕಳೂ ನಲ್ಲಿ ತಿರುಗಿಸುತ್ತಾರೆ. ನಾನು 'ಮಗುಚು' ಎನ್ನುತ್ತೇನೆ, ದೋಸೆ ಮಗುಚಿದ ಹಾಗೆ. ನಿಮ್ಮ ನಿಮ್ಮ ಊರಲ್ಲಿ?

ಕುಡ್ಲದವಳು
ನಮ್ಮಲ್ಲಿ 'ಕವುಚಿ ಹಾಕು'. ಮಗುಚು ಅಂದರೂ ಗೊತ್ತಾಗುತ್ತದೆ, ಆದರೆ ತುಳು ಮನೆಯ ಚಿಕ್ಕ ಮಕ್ಕಳಿಗೆ ಗೊತ್ತಾಗುತ್ತದೋ ಇಲ್ಲವೋ, ನಮ್ಮ ಅಂಗನವಾಡಿಯಲ್ಲಿ ಕೇಳಿ ಹೇಳುತ್ತೇನೆ.

ತಿಪಟೂರು_ಅಮ್ಮ
ಇವತ್ತು ಸಂಜೆ ಚೆಸ್ಸಿನ ಪಾನುಗಳನ್ನು ಇಟ್ಟು ಮಗನಿಗೆ ಮಾಡಿಸಿದೆ. 'ಬೋರಲು ಹಾಕು' ಅಂದೆ, ಒಂದೇ ಸಲಕ್ಕೆ ಮಾಡಿದ. ಎಡಗೈಯಲ್ಲಿ ಎರಡು ಜಾರಿ ಬಿದ್ದವು. ಗಡಿಯಾರ ಹಿಡಿಯಲಿಲ್ಲ.

ಹಳೆ_ಹುಬ್ಬಳ್ಳಿ
ನಮ್ಮ ಕಡೆ 'ಡಬ್ಬ ಹಾಕು' ಅಂತೀವ್ರಿ. ಮೊದಲಿಗೆ ಅನುವಾದ ಯಾಕಂತ ಕೇಳಿದ್ದೆ, ಈಗ ನಮ್ಮೊಳಗ ಒಂದು ಗೂಟಕ್ಕ ನಾಕು ಮಾತು ಬಂದಾವ. ತಂಗಿ ಮಗಳು ಕನ್ನಡ ಸಾಲ್ಯಾಗ ಟೀಚರ್ ಅದಾಳ, ಎರಡನೇ ಇಯತ್ತೆ. ನಲವತ್ತು ಹುಡುಗರು. ನಾಲ್ಕೂ ಮಾತು ಬರಕೊಟ್ಟೇನಿ, ಯಾವ ಮಾತಿಗೆ ಯಾರು ಏನ್ ಮಾಡ್ತಾರ ನೋಡಿ ಸೋಮವಾರ ಬರಕೋತ ಬರ್ತೀನಂದಾಳ. ಅಕ್ಕಾರ, ಮತ್ತೇನರ ಕೇಳೂದಿದ್ರ ಅಷ್ಟರೊಳಗ ಹೇಳ್ರಿ.

ಸಹನಾ_ವಲೆನ್ಸಿಯಾ
ಅಣ್ಣಾ, ಒಂದೇ ಒಂದು. ಮಾಡಿದ ಮೇಲೆ ಪ್ರತಿ ಮಗುವಿಗೂ 'ಟೀಚರ್ ಏನು ಮಾಡು ಅಂದ್ರು?' ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲಿ. ಹುಬ್ಬಳ್ಳಿ ಮಾತಿನಲ್ಲೇ, ತಿದ್ದದೆ.